ತೇರಿನ ಜನ, ನಿತ್ಯದ ಜನ

1999ನೆಯ ಇಸವಿ ಜುಲೈ ತಿಂಗಳ 10ನೆಯ ದಿನ. ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಪ್ಯಾಸಡೀನ ಎಂಬ ನಗರವಿದೆ. ಅಲ್ಲಿಯ ರೋಸ್ ಬೌಲ್ ಎಂಬ ವಿಶಾಲ ಕ್ರೀಡಾಂಗಣದಲ್ಲಿ ಅಂದು ಮಹಿಳೆಯರ ವಿಶ್ವಕಪ್ ಫುಟ್‌ಬಾಲ್ ಪಂದ್ಯಾವಳಿಯ ಅಂತಿಮ ಪಂದ್ಯ. ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ಚೀನ. ನೆತ್ತಿಯ ಮೇಲೆ ಸುಡುವ ಬಿಸಿಲು. ನಿಗದಿತ 90 ನಿಮಿಷಗಳು ಮುಗಿದುವು. ಹೆಚ್ಚುವರಿಯಾಗಿ ಕೊಟ್ಟ 30 ನಿಮಿಷಗಳೂ ಕಳೆದುವು. ಎರಡು ತಂಡಗಳಲ್ಲಿ ಯಾವುದಕ್ಕೂ ಒಂದು ಗೋಲು ದಕ್ಕಲಿಲ್ಲ. ಪೆನಾಲ್ಟಿ ಒದೆತಗಳಿಂದ ಸೋಲುಗೆಲುವನ್ನು ತೀರ್ಮಾನಿಸಬೇಕಾಯಿತು. ಚೀನದ ಒಂದು ಒದೆತವನ್ನು ಅಮೆರಿಕದ ಗೋಲ್‌ಕೀಪರ್ ಬ್ರಿಯಾನ ಸ್ಕರಿ ಹಾರಿ ತಡೆದರು. ಅಮೆರಿಕದ ಐದನೆಯ ಒದೆತಕ್ಕೆ ಬ್ರ್ಯಾಂಡಿ ಚಾಸ್ಟೇನ್ ಮುಂದೆ ಬಂದರು. ಚೆಂಡು ಬಲೆಯೊಳಗೆ ಬಿದ್ದೊಡನೆ ಎದ್ದ ಜಯಘೋಷ ಮುಗಿಲನ್ನು ಮುಟ್ಟಿತು.

ಅಂದು ಆ ಕ್ರೀಡಾಂಗಣದಲ್ಲಿ ನೆರೆದಿದ್ದವರ ಸಂಖ್ಯೆ 90,185. ಮಹಿಳೆಯರ ಅಧಿಕೃತ ವಿಶ್ವಕಪ್ ಪಂದ್ಯವೊಂದನ್ನು ನೋಡಲು ಅಷ್ಟು ಜನ ಒಂದೆಡೆ ಸೇರಿದುದನ್ನು ಜಗತ್ತು ಅದುವರೆಗೆ ಕಂಡಿರಲಿಲ್ಲ. ದೇಶದ ಅಧ್ಯಕ್ಷರೇ ಬಂದು ಕುಳಿತಿದ್ದರು. ಆದರೆ ಪತ್ರಿಕೆಗಳವರ ಕಣ್ಣು ಹೆಚ್ಚಾಗಿ ಬಿದ್ದುದು ಬೇರೆಯವರ ಮೇಲೆ. ಮೆಚ್ಚಿನ ಆಟಗಾರ್ತಿಯ ಹೆಸರನ್ನೂ ಅಂಕಿಯನ್ನೂ ಬೆನ್ನ ಮೇಲೆ ಹೊತ್ತ ಅಂಗಿ ತೊಟ್ಟು, ಮುಖಕ್ಕೆ ಬಣ್ಣ ಬಳಿದುಕೊಂಡು, ತಂದೆತಾಯಿಯರ ಕೈ ಹಿಡಿದು ಬಂದಿದ್ದ ಎಂಟು ಹತ್ತು ವರ್ಷದ ಹುಡುಗಿಯರು ಅವರು. ಅವರ ತಾಯಂದಿರು ಶಾಲೆಗೆ ಹೋಗುತ್ತಿದ್ದಾಗ ಹುಡುಗಿಯರ ಫುಟ್‌ಬಾಲ್ ತಂಡವೆಂಬುದು ಅಪರೂಪದ ಮಾತಾಗಿತ್ತು. 1972ರಲ್ಲಿ ಅಮೆರಿಕದಲ್ಲಿ ಒಂದು ಕಾಯಿದೆ ಬಂದಿತು. ಸರ್ಕಾರದ ಹಣ ಪಡೆಯುವ ಶಾಲೆ ಕಾಲೇಜುಗಳು ಹೆಣ್ಣು ಗಂಡೆಂಬ ಭೇದ ಮಾಡಬಾರದೆಂದು ಅದು ವಿಧಿಸಿತು. ಆಟದ ಬಯಲಿಗೂ ಆ ಮಾತು ಅನ್ವಯಿಸಿತು. ಕಾಯಿದೆಗೆ ಮುಂಚೆ ಪ್ರೌಢಶಾಲೆಗಳಲ್ಲಿ ಕ್ರೀಡೆಗಳಿಗಿಳಿದಿದ್ದ ಹುಡುಗಿಯರು 3 ಲಕ್ಷಕ್ಕೂ ಕಡಿಮೆ. 2000ದ ಹೊತ್ತಿಗೆ ಅವರ ಸಂಖ್ಯೆ 25 ಲಕ್ಷವನ್ನು ದಾಟಿತ್ತು. ರೋಸ್ ಬೌಲಿನಲ್ಲಿ ನೆರೆದ ಆ ಜನಸಾಗರ ಒಂದು ದಿನದಲ್ಲಿ ಹುಟ್ಟಿದುದಲ್ಲ.

ಮಹಿಳೆಯರ ಫುಟ್‌ಬಾಲಿಗೆ ಜನ ಮುತ್ತಿಗೆ ಹಾಕಿದ್ದು ಅದೇ ಮೊದಲೂ ಅಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ ಊರಿನ ಮದ್ದುಗುಂಡು ತಯಾರಿಸುವ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಹೆಂಗಸರು 1917ರಲ್ಲಿ ತಂಡ ಕಟ್ಟಿದರು. ಕಾರ್ಖಾನೆಯ ಹೆಸರಿನಿಂದ ಅದನ್ನು ಡಿಕ್ ಕೆರ್ ತಂಡವೆಂದು ಕರೆದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕಿನಲ್ಲಿ ಅವರ ಆಟವನ್ನು ನೋಡಲು ಸುಮಾರು 53,000 ಜನ ಒಳಗೆ ಸೇರಿದರು; ಸ್ಥಳ ಸಾಲದೆ ಹೊರಗೆ ಉಳಿದವರೂ ಸಾವಿರಾರು ಮಂದಿ. ಒಂದು ವರ್ಷ ಕಳೆಯುವುದರೊಳಗೆ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಘ ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ನಿರ್ಣಯ ಮಾಡಿ, ತನ್ನ ಸದಸ್ಯ ತಂಡಗಳ ಬಯಲುಗಳಲ್ಲಿ ಅವರಿಗೆ ಅವಕಾಶ ಕೊಡಕೂಡದೆಂದು ಅಪ್ಪಣೆ ಮಾಡಿತು. ಆ ನಿಷೇಧ ಸುಮಾರು 50 ವರ್ಷ ನಿಂತಿತು. ಬಯಲಿನ ಬಾಗಿಲು ಮುಚ್ಚಿದ ಮೇಲೆ ಪ್ರೇಕ್ಷಕರಾದರೂ ಎಲ್ಲಿಗೆ ಹೋದಾರು! ಅಂದು ಟಿಕೆಟು ಕೊಂಡು ಬಂದಿದ್ದ ಐವತ್ತು ಸಾವಿರ ಜನರ ಅಭಿಪ್ರಾಯವನ್ನು ಸಂಘದವರು ಕೇಳಲೇ ಇಲ್ಲ.

1999ರ ಗೆಲುವಿನ ಮರುವರ್ಷವೇ ಅಮೆರಿಕದಲ್ಲಿ ಒಂದು ಹೊಸ ಸಾಹಸಕ್ಕೆ ಸಿದ್ಧತೆ ನಡೆಯಿತು. ಡಿಸ್ಕವರಿ ದೂರದರ್ಶನ ಸಂಸ್ಥೆಯ ಸ್ಥಾಪಕ ಜಾನ್ ಹೆಂಡ್ರಿಕ್ಸ್ ಅವರ ಮುಂದಾಳತ್ವದಲ್ಲಿ ಬಂಡವಾಳಗಾರರು ಸೇರಿ ಮಹಿಳೆಯರಿಗಾಗಿಯೇ ವೃತ್ತಿಪರ ಫುಟ್‌ಬಾಲ್ ಲೀಗೊಂದನ್ನು ಸ್ಥಾಪಿಸಿದರು. ಅದರ ಹೆಸರು ವುಮೆನ್ಸ್ ಯುನೈಟೆಡ್ ಸಾಕರ್ ಅಸೋಸಿಯೇಷನ್. ಫುಟ್‌ಬಾಲನ್ನು ಅಮೆರಿಕದವರು ಸಾಕರ್ ಎನ್ನುತ್ತಾರೆ. ಈ ದೀರ್ಘ ನಾಮವನ್ನು ಜನ ಮೊದಲಕ್ಷರಗಳಿಂದ ‘ವೂಸ’ ಎಂದು ಮೊಟಕುಗೊಳಿಸಿದರು. ವಿಶ್ವಕಪ್ಪು ಕೆಲವು ವಾರಗಳಲ್ಲಿ ಮುಗಿಯುವ ಸಂಭ್ರಮ. ಲೀಗ್ ಹಾಗಲ್ಲ. ಇಲ್ಲಿ ಎಂಟು ನಗರಗಳಿಗೆ ಎಂಟು ತಂಡಗಳು. ಪ್ರತಿಯೊಂದು ತಂಡವೂ ಏಪ್ರಿಲ್‌ನಿಂದ ಆಗಸ್ಟಿನವರೆಗೆ 21 ಪಂದ್ಯಗಳನ್ನು ಕೆಲವೊಮ್ಮೆ ತನ್ನ ಊರಿನಲ್ಲಿ, ಕೆಲವೊಮ್ಮೆ ಪರವೂರಿನಲ್ಲಿ ಆಡಬೇಕು. ಆಟಗಾರ್ತಿಯರಿಗೆ ಅದೇ ಉದ್ಯೋಗ, ಅದರಿಂದಲೇ ಸಂಬಳ. ಅಮೆರಿಕದ ವಿಶ್ವಕಪ್ ವೀರರು ಎಂಟು ತಂಡಗಳಿಗೆ ಹಂಚಿಹೋದರು. ಚೀನದ ಸುನ್ ವೆನ್, ನಾರ್ವೆಯ ಹೆಗೆ ರೀಸೆ, ಬ್ರೆಜಿಲಿನ ಸಿಸಿ, ಇಂಗ್ಲೆಂಡಿನ ಕೆಲಿ ಸ್ಮಿತ್ ಮೊದಲಾದ ಪರದೇಶದ ಪ್ರತಿಭಾವಂತರೂ ಬಂದು ಸೇರಿದರು.

2001ರ ಏಪ್ರಿಲ್ 14ರಂದು ರಾಜಧಾನಿ ವಾಷಿಂಗ್ಟನ್ನಿನಲ್ಲಿ ಮೊದಲ ಪಂದ್ಯ. ವಾಷಿಂಗ್ಟನ್ ಫ್ರೀಡಂ ತಂಡಕ್ಕೆ ಬೇ ಏರಿಯ ಸೈಬರ್‌ರೇಸ್ ತಂಡ ಎದುರಾಳಿ. 34,148 ಜನ ಬಂದರು. ಫ್ರೀಡಂ ತಂಡದಲ್ಲಿ ಮಿಯ ಹ್ಯಾಮ್, ಸೈಬರ್‌ರೇಸ್ ತಂಡದಲ್ಲಿ ಬ್ರ್ಯಾಂಡಿ ಚಾಸ್ಟೇನ್. ಎರಡು ವರ್ಷಗಳ ಹಿಂದೆ ಒಂದೇ ಬಣ್ಣದ ಅಂಗಿ ತೊಟ್ಟು ದೇಶವನ್ನು ಗೆಲ್ಲಿಸಿದ ಒಡನಾಡಿಗಳು ಇಂದು ಎದುರುಬದುರು. ದ್ವಿತೀಯಾರ್ಧದಲ್ಲಿ ಚಾಸ್ಟೇನ್ ಹ್ಯಾಮ್ ಅವರನ್ನು ನಿಯಮಬಾಹಿರವಾಗಿ ತಡೆದರೆಂದು ತೀರ್ಪುಗಾರರು ಪೆನಾಲ್ಟಿ ಕೊಟ್ಟರು; ವಾಷಿಂಗ್ಟನ್ನಿನ ಪರವಾಗಿ ಬ್ರೆಜಿಲಿನ ಪ್ರೆಟಿನ್ಯ ಅದನ್ನು ಗೋಲಾಗಿಸಿದರು; ಪಂದ್ಯ 1–0ಯಿಂದ ಮುಗಿಯಿತು. ಪ್ಯಾಸಡೀನದಲ್ಲಿ ಚಾಸ್ಟೇನರ ಒದೆತಕ್ಕೆ ಕುಣಿದಾಡಿದ್ದ ಹುಡುಗಿ ಈಗ ಯಾರ ಪರವಾಗಿ ಕೂಗಬೇಕು? ದೇಶದ ತಂಡಕ್ಕೆ ಜೈ ಎನ್ನುವುದು ಸುಲಭ. ಅದನ್ನು ಯಾರೂ ಕಲಿಸಬೇಕಾಗಿಲ್ಲ. ಊರಿನ ತಂಡವನ್ನು ತನ್ನದೆಂದುಕೊಳ್ಳುವುದಕ್ಕೆ ಕಾಲ ಬೇಕು. ಇದೇ ಹೊಸ ಲೀಗಿನ ಮೊದಲ ತೊಡಕು.

ಹೊಸ ಲೀಗನ್ನು ಪ್ರೇಕ್ಷಕರು ಬಗೆಬಗೆಯಾಗಿ ಬರಮಾಡಿಕೊಂಡರು. ಆಟ ಮುಗಿದ ಮೇಲೂ ಮನೆಗೆ ಹೋಗದೆ ಬೇಲಿಗೆ ಒರಗಿ ನಿಂತು, ಆಟಗಾರ್ತಿಯರಿಂದ ಚೆಂಡಿನ ಮೇಲೆ, ಟೋಪಿಯ ಮೇಲೆ ಹಸ್ತಾಕ್ಷರ ಹಾಕಿಸಿಕೊಳ್ಳುವ ಮಕ್ಕಳ ಸಾಲು ಎಲ್ಲ ಊರುಗಳಲ್ಲಿಯೂ ಕಾಣುತ್ತಿತ್ತು. ಆಟಗಾರ್ತಿಯರು ಬೇಸರಿಸದೆ ನಿಲ್ಲುತ್ತಿದ್ದರು. ತಮ್ಮ ಬಾಲ್ಯದಲ್ಲಿ ಚೆಂಡು ಮುಟ್ಟಲು ಆಸ್ಪದವಿಲ್ಲದಿದ್ದ ತಾಯಂದಿರಿಗೆ, ಮಗಳು ದೊಡ್ಡವಳಾದ ಮೇಲೆ ಇದೂ ಒಂದು ಉದ್ಯೋಗವಾದೀತೆಂಬ ಆಲೋಚನೆಯೇ ಹೊಸತು. ಇನ್ನೊಂದು ವರ್ಗದವರು ಫುಟ್‌ಬಾಲಿನ ಹಳೆಯ ಮೋಹಿಗಳು. ಗಂಡಸರ ಆಟದ ವೇಗ ಇಲ್ಲಿಲ್ಲವೆಂದು ಮೂಗು ಮುರಿದವರು ಅವರಲ್ಲಿ ಇದ್ದರು. ಆಟ ಚೆನ್ನಾಗಿಯೇ ಇದೆ, ಆದರೆ ತಮ್ಮನ್ನು ಯಾರೂ ಕರೆಯುತ್ತಿಲ್ಲವೆಂದು ಕೊರಗಿದವರೂ ಇದ್ದರು. ಅವರ ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಲೀಗಿನ ಪ್ರಚಾರವೆಲ್ಲ ಮಕ್ಕಳಿರುವ ಕುಟುಂಬಗಳನ್ನು ಉದ್ದೇಶಿಸಿತ್ತು. ಕ್ರೀಡಾಂಗಣಕ್ಕೆ ಹೋದರೆ ಹುಟ್ಟುಹಬ್ಬದ ಕೂಟಕ್ಕೆ ಹೋದಂತೆನಿಸುತ್ತದೆಂದು ಅವರು ಹೇಳುತ್ತಿದ್ದರು. ಆಟವನ್ನು ಆಟವಾಗಿ ನೋಡಿ, ಒಳ್ಳೆಯ ಹೊಡೆತವನ್ನು ಮೆಚ್ಚಿ, ಕೆಟ್ಟ ಹೊಡೆತವನ್ನು ಬೈಯುವ ಪ್ರೇಕ್ಷಕನಿಗೆ ಅಲ್ಲಿ ಆಸನವಿತ್ತು, ಆದರವಿರಲಿಲ್ಲ.

ಕುಟುಂಬಗಳೇನೋ ಬಂದುವು, ಪ್ರತಿ ವಾರ ಬರಲಿಲ್ಲ. ಅದಕ್ಕೆ ಸರಳವಾದ ಕಾರಣವೊಂದಿತ್ತು. ಫುಟ್‌ಬಾಲ್ ಪ್ರೀತಿಸುವ ಹುಡುಗಿ ಶನಿವಾರ ಭಾನುವಾರಗಳಲ್ಲಿ ತಾನೇ ಎಲ್ಲಿಯೋ ಫುಟ್‌ಬಾಲ್ ಆಡುತ್ತಿರುತ್ತಾಳೆ. ಅವಳ ತಂದೆ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಊರೂರು ಅಲೆಯುತ್ತಿರುತ್ತಾನೆ. ದೊಡ್ಡವರ ಪಂದ್ಯ ನೋಡಲು ಅವರಿಗೆ ಬಿಡುವೆಲ್ಲಿ? ವರ್ಷಕ್ಕೊಮ್ಮೆ ಬಂದು, ಹಸ್ತಾಕ್ಷರ ಪಡೆದು, ತೃಪ್ತರಾಗಿ ಮರಳಿದವರೇ ಹೆಚ್ಚು. ಹಣ ಹೂಡಿದವರು ಎಣಿಸದೆ ಬಿಟ್ಟ ಲೆಕ್ಕ ಇದು.

ನಮ್ಮ ನಾಡಿನ ಯಾವುದೇ ದೊಡ್ಡ ಕ್ಷೇತ್ರವನ್ನು ನೆನೆದರೆ ಈ ಸಂಗತಿ ತಿಳಿದೀತು. ರಥೋತ್ಸವದ ದಿನ ತೇರಿನ ಮಿಣಿ ಹಿಡಿಯಲು ಸಾವಿರಾರು ಕೈಗಳು ಮುಂದಾಗುತ್ತವೆ. ಎಸೆದ ಬಾಳೆಹಣ್ಣು ನೆಲಕ್ಕೆ ಬೀಳಲು ಜಾಗವಿರುವುದಿಲ್ಲ. ತೇರು ನೆಲೆಗೆ ಬಂದು ಎರಡು ದಿನಗಳಾದ ಮೇಲೆ ಬೆಳಗಿನ ಪೂಜೆಗೆ ಹೋಗಿ ನೋಡಿದರೆ ಅರ್ಚಕರು, ಹೂವಾಡಗಿತ್ತಿ, ಕಂಬಕ್ಕೊರಗಿ ಕುಳಿತ ನಾಲ್ಕಾರು ಮುದುಕರು. ತೇರಿನ ಜನರ ಭಕ್ತಿ ಸುಳ್ಳೆಂದು ಯಾರೂ ಹೇಳಲಾರರು. ಆದರೆ ತೇರಿನ ಜನವನ್ನು ಎಣಿಸಿ ನಿತ್ಯದ ಪ್ರಸಾದಕ್ಕೆ ಅಕ್ಕಿ ನೆನೆಹಾಕುವವರೂ ಇಲ್ಲ. ವೂಸದ ಒಡೆಯರು ಮಾಡಿದ್ದು ಸರಿಸುಮಾರು ಅದನ್ನೇ. ಅಟ್ಲಾಂಟ ನಗರದ ತಂಡವನ್ನು ನಲವತ್ತು ಸಾವಿರದಷ್ಟು ಜನ ಹಿಡಿಯುವ ಕಾಲೇಜು ಕ್ರೀಡಾಂಗಣದಲ್ಲಿ ಆಡಿಸಿದರು. ಅಂಥ ಬಯಲಿನಲ್ಲಿ ಎಂಟು ಸಾವಿರ ಜನ ಕುಳಿತರೂ ಖಾಲಿ ಕಲ್ಲುಮೆಟ್ಟಿಲುಗಳೇ ಕಣ್ಣಿಗೆ ಹೊಡೆಯುತ್ತವೆ. ಬಂದವರ ಕೂಗು ಬಂದವರಿಗೇ ಕೇಳಿಸುವುದಿಲ್ಲ. ಐದು ವರ್ಷಗಳಿಗೆಂದು ತೆಗೆದಿರಿಸಿದ್ದ 4 ಕೋಟಿ ಡಾಲರುಗಳು ಮೊದಲನೆಯ ವರ್ಷವೇ ಕರಗಿಹೋದುವು.

ಮೊದಲ ವರ್ಷ ಪಂದ್ಯವೊಂದಕ್ಕೆ ಸರಾಸರಿ 8,000ಕ್ಕೆ ಸ್ವಲ್ಪ ಮೇಲ್ಪಟ್ಟು ಜನ ಬಂದರು. ಮೂರನೆಯ ವರ್ಷದ ಹೊತ್ತಿಗೆ ಅದು 7,000ಕ್ಕಿಂತಲೂ ಕೆಳಗಿಳಿಯಿತು. ಪಂದ್ಯಗಳು ಜನಪ್ರಿಯ ವಾಹಿನಿಯಿಂದ ಅಷ್ಟಾಗಿ ಯಾರೂ ನೋಡದ ವಾಹಿನಿಗೆ ಸ್ಥಳಾಂತರಗೊಂಡುವು. ಆಟಗಾರ್ತಿಯರಲ್ಲಿ ಪ್ರಮುಖರು ಲೀಗನ್ನು ಉಳಿಸಲು ತಮ್ಮ ಸಂಬಳವನ್ನು ತಾವೇ ಇಳಿಸಿಕೊಂಡರು. ಆದರೂ 2003ರ ಸೆಪ್ಟೆಂಬರ್ 15ರಂದು ಲೀಗನ್ನು ಮುಚ್ಚಲಾಯಿತೆಂಬ ಪ್ರಕಟಣೆ ಹೊರಟಿತು. ಅಷ್ಟರಲ್ಲಿ ಮುಳುಗಿದ ಹಣ ಸುಮಾರು 10 ಕೋಟಿ ಡಾಲರು. ಮುಂದಿನ ವಿಶ್ವಕಪ್ ಆರಂಭವಾಗಲು ಆಗ ಉಳಿದಿದ್ದುದು ಐದೇ ದಿನ. ಅದು ನಡೆಯಲಿದ್ದುದೂ ಅಮೆರಿಕದಲ್ಲಿಯೇ.

ಇಲ್ಲಿ ಆ ಏಳು ಸಾವಿರದವರನ್ನು ಕುರಿತು ಒಂದು ಮಾತು ಹೇಳಬೇಕು. ಲೀಗ್ ಸೋತುದಕ್ಕೆ ಜನ ಬಾರದಿದ್ದುದೇ ಕಾರಣವೆಂದು ಪತ್ರಿಕೆಗಳು ಬರೆದುವು. ಆದರೆ ಬಂದವರಿದ್ದರಲ್ಲ! ಮೂರು ವರ್ಷ, ಮಳೆಯೆನ್ನದೆ ಬಿಸಿಲೆನ್ನದೆ ಬಂದು ಕುಳಿತು, ಊರಿನ ತಂಡದ ಸೋಲಿಗೆ ಮರುಗಿ ಗೆಲುವಿಗೆ ಹಿಗ್ಗಿದವರು. ಹೊಸ ಲೀಗಿನ ಪಾಲಿಗೆ ಇವರೇ ನಿಜವಾದ ಬಂಡವಾಳ. ಇವರ ಸಂಖ್ಯೆ ನಿರೀಕ್ಷೆಗಿಂತ ಕಡಿಮೆಯೆಂಬ ಕಾರಣದಿಂದ ಇವರನ್ನು ಲೆಕ್ಕದಿಂದಲೇ ತೆಗೆದುಹಾಕಿದ್ದು ನ್ಯಾಯವಲ್ಲ. ಲೀಗ್ ಮುಚ್ಚಿದಾಗ ಕಣ್ಣೀರಿಟ್ಟವರು ಇವರು. ತೇರಿನ ಜನಕ್ಕೆ ಆ ಸುದ್ದಿ ತಲುಪಿದ್ದೇ ತಡವಾಗಿ. 2004ರ ಜೂನ್ ತಿಂಗಳಿನಲ್ಲಿ ಹಳೆಯ ತಂಡಗಳನ್ನು ಮತ್ತೊಮ್ಮೆ ಕೂಡಿಸಿ ಮಿನೆಸೋಟ ರಾಜ್ಯದ ಬ್ಲೇನ್ ಎಂಬಲ್ಲಿಯೂ ಕ್ಯಾಲಿಫೋರ್ನಿಯದ ಕಾರ್ಸನ್ ಎಂಬಲ್ಲಿಯೂ ಪ್ರದರ್ಶನ ಪಂದ್ಯಗಳನ್ನು ನಡೆಸಿ ನೋಡಿದರು. ಲೀಗ್ ಮರಳಿ ಚಿಗುರಲಿಲ್ಲ.

ಎರಡನೆಯ ಪ್ರಯತ್ನ 2009ರಲ್ಲಿ ನಡೆಯಿತು. ವುಮೆನ್ಸ್ ಪ್ರೊಫೆಷನಲ್ ಸಾಕರ್ ಎಂಬ ಆ ಲೀಗಿನ ಮೊದಲ ಪಂದ್ಯಕ್ಕೆ ಬಂದವರು 14,832 ಮಂದಿ. ಅಂದು ಗೆದ್ದ ಲಾಸ್ ಏಂಜಲೀಸ್ ತಂಡದಲ್ಲಿ ಬ್ರೆಜಿಲಿನ ಮಾರ್ತರಂತಹ ಆಟಗಾರ್ತಿ ಇದ್ದರೂ ಮರುವರ್ಷದ ಜನವರಿಯಲ್ಲಿ ಅದು ಇಲ್ಲವಾಯಿತು. 2011ರ ವಿಶ್ವಕಪ್ಪಿನಲ್ಲಿ ಬ್ರೆಜಿಲಿನ ಎದುರು 122ನೆಯ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದು ಅಮೆರಿಕವನ್ನು ಉಳಿಸಿದ ಆಬಿ ವ್ಯಾಂಬಾಕ್, ಹತ್ತು ದಿನಗಳ ಮೇಲೆ ತಮ್ಮ ಹುಟ್ಟೂರಾದ ರಾಚೆಸ್ಟರಿಗೆ ಲೀಗ್ ಪಂದ್ಯಕ್ಕೆ ಬಂದಾಗ 15,404 ಜನ ಕಿಕ್ಕಿರಿದರು. ಮತ್ತೆ ತೇರಿನ ದಿನ! ಮುಂದಿನ ವರ್ಷ ಈ ಲೀಗೂ ಮುಗಿಯಿತು.

ಮೂರನೆಯದು ನ್ಯಾಷನಲ್ ವುಮೆನ್ಸ್ ಸಾಕರ್ ಲೀಗ್; ಎಂಟು ತಂಡಗಳೊಡನೆ 2013ರಲ್ಲಿ ಆರಂಭವಾದುದು. ಹಿಂದಿನವರ ಆಡಂಬರ ಇದಕ್ಕಿರಲಿಲ್ಲ. ರಾಷ್ಟ್ರೀಯ ತಂಡದ ಆಟಗಾರ್ತಿಯರ ಸಂಬಳವನ್ನು ಅಮೆರಿಕ, ಕೆನಡ, ಮೆಕ್ಸಿಕೋಗಳ ಫುಟ್‌ಬಾಲ್ ಸಂಸ್ಥೆಗಳೇ ಕೊಡುವ ಏರ್ಪಾಡಾಯಿತು. ಅದೇ ಏಪ್ರಿಲ್ 13ರ ಮೊದಲ ಪಂದ್ಯ ಕ್ಯಾನ್ಸಸ್ ಸಿಟಿಯ ತಂಡಕ್ಕೂ ಪೋರ್ಟ್‌ಲೆಂಡ್ ತಂಡಕ್ಕೂ ನಡೆದುದು ಪ್ರೌಢಶಾಲೆಗಳ ಪಂದ್ಯಗಳು ನಡೆಯುವ ಬಯಲಿನಲ್ಲಿ, ಬಂದವರು 6,784. ಎರಡು ಲೀಗುಗಳ ಸಾವನ್ನು ಕಂಡಿದ್ದ ಅಭಿಮಾನಿಗಳ ಹರ್ಷದಲ್ಲಿ ಅಳುಕೂ ಬೆರೆತಿತ್ತು. ಇದಾದರೂ ಎಷ್ಟು ದಿನ ಎಂದು ಕೇಳಿಕೊಳ್ಳುತ್ತಲೇ ಅವರು ಟಿಕೆಟು ಕೊಂಡರು.

ಪೋರ್ಟ್‌ಲೆಂಡ್ ನಗರದಲ್ಲಿ ಮಾತ್ರ ಬೇರೊಂದು ದೃಶ್ಯ ಕಾಣಿಸಿತು. ಊರಿನ ಮೊದಲ ಪಂದ್ಯಕ್ಕೇ 16,479 ಜನ. ಆ ವರ್ಷದ ಸರಾಸರಿ 13,320. ಉಳಿದ ಊರುಗಳಲ್ಲಿ ಅದರ ಅರ್ಧವೂ ಇರಲಿಲ್ಲ. ಅಲ್ಲಿ ಗಂಡಸರ ತಂಡಕ್ಕೆ ಮೊದಲಿನಿಂದ ಕಟ್ಟಾ ಅಭಿಮಾನಿ ಬಳಗವಿತ್ತು. ಅದರೊಳಗಿಂದ ಹೊಸ ಬಳಗವೊಂದು ಕವಲೊಡೆಯಿತು. ಪೋರ್ಟ್‌ಲೆಂಡನ್ನು ಗುಲಾಬಿಗಳ ನಗರವೆನ್ನುವುದುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಹಡಗುಕಟ್ಟೆಗಳಲ್ಲಿ ಸಾವಿರಾರು ಹೆಂಗಸರು ದುಡಿದಿದ್ದರು. ಉಕ್ಕಿನ ತಗಡುಗಳಿಗೆ ರಿವೆಟ್ ಬಡಿಯುವ ‘ರೋಸಿ’ ಎಂಬ ದುಡಿಮೆಗಾರ್ತಿಯ ಚಿತ್ರ ಆಗ ಅಮೆರಿಕದ ಮನೆಮನೆಗೂ ಪರಿಚಿತವಾಗಿತ್ತು. ಆ ನೆನಪಿನಿಂದ ಬಳಗ ‘ರೋಸ್ ಸಿಟಿ ರಿವೆಟರ್ಸ್’ ಎಂಬ ಹೆಸರಿಟ್ಟುಕೊಂಡಿತು. ಮದ್ದುಗುಂಡಿನ ಕಾರ್ಖಾನೆಯಿಂದ ಹೊರಟ ಆಟ ಹಡಗುಕಟ್ಟೆಯ ಹೆಸರನ್ನು ಹೊತ್ತುದು ಎಷ್ಟು ಸಹಜ! ಗೋಲಿನ ಹಿಂದಿನ ಮೆಟ್ಟಿಲುಗಳಲ್ಲಿ ಈ ಬಳಗ 90 ನಿಮಿಷವೂ ನಿಂತೇ ಇರುತ್ತದೆ. ತಮಟೆ ಬಾರಿಸುತ್ತದೆ, ಬಾವುಟ ಬೀಸುತ್ತದೆ, ಹಾಡು ಕಟ್ಟಿ ಹಾಡುತ್ತದೆ, ಎದುರಾಳಿಗಳನ್ನು ಹಂಗಿಸುತ್ತದೆ. ಸ್ವಂತ ತಂಡ ಕೆಟ್ಟದಾಗಿ ಆಡಿದರೆ ಅದನ್ನೂ ಬಿಡುವುದಿಲ್ಲ. ಹೆಣ್ಣುಮಕ್ಕಳು ಆಡುತ್ತಿದ್ದಾರೆ, ಪಾಪ, ಪ್ರೋತ್ಸಾಹಿಸೋಣ ಎಂಬ ಕನಿಕರ ಅಲ್ಲಿ ಎಳ್ಳಷ್ಟೂ ಇಲ್ಲ. ಬಹುಶಃ ಆಟಗಾರ್ತಿಯರಿಗೆ ಇದಕ್ಕಿಂತ ದೊಡ್ಡ ಗೌರವ ಬೇರೆ ಬೇಕಾಗಿರಲಿಲ್ಲ.

ಈ ಬಳಗದ ಅಭಿಮಾನಕ್ಕೆ ಕಠಿಣ ಪರೀಕ್ಷೆಯೊಂದು 2021ರಲ್ಲಿ ಒದಗಿತು. ಲೀಗಿನ ಕೆಲವು ತರಬೇತುದಾರರು ಆಟಗಾರ್ತಿಯರೊಡನೆ ಅನುಚಿತವಾಗಿ ವರ್ತಿಸಿದರೆಂದೂ ದೂರುಗಳನ್ನು ವರ್ಷಗಟ್ಟಲೆ ಮುಚ್ಚಿಡಲಾಯಿತೆಂದೂ ಆ ವರ್ಷ ಬಯಲಾಯಿತು. ಅಕ್ಟೋಬರ್ 6ರಂದು ನಡೆದ ಪಂದ್ಯಗಳಲ್ಲಿ, ಆರನೆಯ ನಿಮಿಷಕ್ಕೆ, ಎರಡೂ ತಂಡಗಳವರು ಆಟ ನಿಲ್ಲಿಸಿ ಬಯಲಿನ ನಡುವೆ ಹೆಗಲಿಗೆ ಹೆಗಲು ಸೇರಿಸಿ ವರ್ತುಲವಾಗಿ ನಿಂತರು. ನ್ಯಾಯಕ್ಕಾಗಿ ಕಾದ ಆರು ವರ್ಷಗಳ ಗುರುತು ಅದು. ಅಭಿಮಾನಿಗಳು ಏನು ಮಾಡಬೇಕು? ಬಾರದಿದ್ದರೆ ಆಟಗಾರ್ತಿಯರನ್ನು ಕೈಬಿಟ್ಟಂತೆ; ಬಂದರೆ ತಪ್ಪು ಮಾಡಿದವರ ಪೆಟ್ಟಿಗೆಗೆ ಹಣ ಹಾಕಿದಂತೆ. ಪೋರ್ಟ್‌ಲೆಂಡಿನ ಬಳಗಗಳು ಕ್ರೀಡಾಂಗಣದೊಳಗಿನ ಅಂಗಡಿಗಳಲ್ಲಿ ತಿಂಡಿ, ಪಾನೀಯ, ಅಂಗಿ ಯಾವುದನ್ನೂ ಕೊಳ್ಳದಿರಲು ಕರೆಕೊಟ್ಟುವು. ಒಡೆತನ ಬದಲಾಗಬೇಕೆಂದು ಪಟ್ಟುಹಿಡಿದುವು. ಫುಟ್‌ಬಾಲ್ ಸಂಸ್ಥೆ ನೇಮಿಸಿದ ತನಿಖೆಯ ವರದಿ 2022ರಲ್ಲಿ ಹೊರಬಂದಿತು. 2024ರ ಜನವರಿಯಲ್ಲಿ ತಂಡದ ಒಡೆತನ ಬೇರೆಯವರಿಗೆ ಹೋಯಿತು. ತಂಡವನ್ನು ತನ್ನದೆಂದು ತಿಳಿದವನಿಗಲ್ಲದೆ ಒಡೆಯನನ್ನು ಪ್ರಶ್ನಿಸುವ ಧೈರ್ಯ ಬರುವುದಿಲ್ಲ. ವರ್ಷಕ್ಕೊಮ್ಮೆ ಬರುವವರು ಇಷ್ಟು ಪಾಡು ಪಡುತ್ತಿರಲಿಲ್ಲ.

ಮೂರನೆಯ ಲೀಗಿನ ಉಳಿವು ಅಭಿಮಾನಿಗಳೊಬ್ಬರಿಂದಲೇ ಆಯಿತೆಂದರೆ ಉತ್ಪ್ರೇಕ್ಷೆಯಾದೀತು. ಸಂಸ್ಥೆಗಳ ನೆರವು, ಖರ್ಚಿನಲ್ಲಿ ಹಿಡಿತ, ದೂರದರ್ಶನದ ಹಣ ಎಲ್ಲವೂ ಸೇರಿದ್ದುವು. ಈ ಲೀಗಿನಲ್ಲಿಯೂ ತಂಡಗಳು ಮುಚ್ಚಿದುವು. ಎರಡು ಬಾರಿ ಪ್ರಶಸ್ತಿ ಗೆದ್ದಿದ್ದ ಕ್ಯಾನ್ಸಸ್ ಸಿಟಿಯ ತಂಡವೇ 2017ರಲ್ಲಿ ಇಲ್ಲವಾಯಿತು. ಆ ಊರಿನವರು ಮೂರು ವರ್ಷ ತಂಡವಿಲ್ಲದೆ ಕಳೆದರು. 2021ರಲ್ಲಿ ಹೊಸ ತಂಡ ಬಂದಿತು. ಅದರ ಒಡೆಯರು ನದಿಯ ದಂಡೆಯ ಮೇಲೆ ಕ್ರೀಡಾಂಗಣವೊಂದನ್ನು ಕಟ್ಟಿಸಿದರು. ಮಹಿಳೆಯರ ವೃತ್ತಿಪರ ತಂಡಕ್ಕಾಗಿಯೇ ಉದ್ದೇಶಪೂರ್ವಕವಾಗಿ ಕಟ್ಟಿಸಿದ ಮೊದಲ ಕ್ರೀಡಾಂಗಣವೆಂದು ಅದು ಹೆಸರಾಯಿತು. ತೊಂಬತ್ತು ಸಾವಿರವಿರಲಿ, ನಲವತ್ತು ಸಾವಿರದ ಆಸೆಯನ್ನೂ ಕಟ್ಟಿಸಿದವರು ಇಟ್ಟುಕೊಳ್ಳಲಿಲ್ಲ. ಆಸನಗಳು 11,500. 2024ರಲ್ಲಿ ಇಡೀ ಲೀಗಿನಲ್ಲಿ ಪಂದ್ಯವೊಂದಕ್ಕೆ ಬಂದವರ ಸರಾಸರಿ 11,000ವನ್ನು ದಾಟಿತು.

2024ರ ಮಾರ್ಚ್ 16ರಂದು ಅದರ ಬಾಗಿಲು ತೆರೆಯಿತು. ಹನ್ನೊಂದು ವರ್ಷಗಳ ಹಿಂದೆ ಶಾಲೆಯ ಬಯಲಿನಲ್ಲಿ ಆಡಿದ್ದಂತೆ ಅಂದೂ ಕ್ಯಾನ್ಸಸ್ ಸಿಟಿಗೆ ಎದುರಾಳಿ ಪೋರ್ಟ್‌ಲೆಂಡೇ. ಒಂದು ಆಸನವೂ ಖಾಲಿ ಇರಲಿಲ್ಲ. ಒಂಬತ್ತು ಗೋಲುಗಳು ಬಿದ್ದುವು; ಊರಿನ ತಂಡ 5–4ರಿಂದ ಗೆದ್ದಿತು.